ತಲೆಯ ಮೇಲೆ ಮಿಡಿಯುವ ಗಂಟು: ಕೊಯ್ಯುವ ಮೊದಲು ಕೈಯಿಟ್ಟು ನೋಡಿ

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ನಡೆದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಶಸ್ತ್ರಚಿಕಿತ್ಸಾ ತಜ್ಞರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)



ಆರೋಗ್ಯದ ಬಗ್ಗೆ ಏನಾದರೂ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡದ ಬಗ್ಗೆ ಹೇಳಬಹುದಿತ್ತು. ಆದರೆ ಅವುಗಳ ಬಗ್ಗೆ ನೀವು ಸಾಕಷ್ಟು ಕೇಳಿದ್ದೀರಿ, ಓದಿದ್ದೀರಿ. ಇಂದು ನಾನು ಆರಿಸಿಕೊಂಡಿರುವುದು ನಿಮ್ಮಲ್ಲಿ ಹೆಚ್ಚಿನವರು ಕೇಳಿರದ ಒಂದು ವಿಷಯ. ತಲೆಯ ಚರ್ಮದಲ್ಲಿ ರಕ್ತನಾಳಗಳು ಅಸಹಜವಾಗಿ ಬೆಳೆದು ಉಂಟಾಗುವ ಗಂಟುಗಳು, ಅವನ್ನು ಗುರುತಿಸುವ ಬಗೆ ಮತ್ತು ಅವುಗಳ ಚಿಕಿತ್ಸೆ. ಇಷ್ಟು ಅಪರೂಪದ ಕಾಯಿಲೆಯ ಬಗ್ಗೆ ಸಾರ್ವಜನಿಕ ಸಭೆಯಲ್ಲಿ ಮಾತೇಕೆ ಎಂದು ನೀವು ಕೇಳಬಹುದು. ಅದಕ್ಕೆ ಇಬ್ಬರು ರೋಗಿಗಳು ಕಾರಣ. ಮೊದಲು ಅವರ ಕಥೆಯನ್ನೇ ಹೇಳುತ್ತೇನೆ.

ನಾನು ಹೌಸ್ ಸರ್ಜನ್ ಆಗಿದ್ದ ಕಾಲ. ಒಬ್ಬ ಯುವಕ ಹಣೆಯ ಪಕ್ಕದಲ್ಲಿ ಗಂಟಾಗಿದೆಯೆಂದು ಬಂದ. ಮೂರು ವಾರಗಳ ಹಿಂದೆ ಆಡುವಾಗ ಕ್ರಿಕೆಟ್ ಚೆಂಡು ಬಡಿದಿತ್ತಂತೆ. ಗಂಟು ಮೆತ್ತಗಿತ್ತು. ಕೀವು ತುಂಬಿದ ಕುರು ಎಂದುಕೊಂಡು ನಾನು ಬ್ಲೇಡ್ ಹಾಕಿದೆ. ಕೀವು ಬರಲಿಲ್ಲ, ರಕ್ತ ಚಿಮ್ಮಿತು. ಕೈಕಾಲು ಆಡದೆ ನಿಂತಿದ್ದ ನನ್ನನ್ನು ಪಕ್ಕಕ್ಕೆ ಸರಿಸಿ, ಹಿರಿಯ ವೈದ್ಯರು ಬೆರಳಿನಿಂದ ಒತ್ತಿ ಹಿಡಿದರು, ರಕ್ತನಾಳವನ್ನು ಹುಡುಕಿ ಎರಡೂ ತುದಿಗಳನ್ನು ಕಟ್ಟಿದರು. ಯುವಕ ಉಳಿದ. ಎಲ್ಲ ಮುಗಿದ ಮೇಲೆ ಅವರು ನನ್ನನ್ನು ಬಯ್ಯಲಿಲ್ಲ. "ಕೊಯ್ಯುವ ಮೊದಲು ಕೈಯಿಟ್ಟು ನೋಡಿದ್ದೆಯೇನಪ್ಪಾ?" ಎಂದು ಮಾತ್ರ ಕೇಳಿದರು. ನಾನು ನೋಡಿರಲಿಲ್ಲ. ಆ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ.

ಎರಡನೆಯವಳು ಪಿಯುಸಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ. ಬಲಗಿವಿಯ ಮೇಲ್ಭಾಗದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಂಟು. ಚಿಕ್ಕವಳಿದ್ದಾಗ ಮೆಟ್ಟಿಲಿನಿಂದ ಬಿದ್ದಿದ್ದಳು. ಆಮೇಲೆ ಕಡಲೆಕಾಳಿನಷ್ಟಿದ್ದದ್ದು ನಾಲ್ಕು ವರ್ಷಗಳಲ್ಲಿ ಇಷ್ಟಾಗಿತ್ತು. ಇಷ್ಟು ದಿನ ಏಕೆ ತೋರಿಸಲಿಲ್ಲ ಎಂದು ಕೇಳಿದೆ. ತಾಯಿ ತಲೆ ತಗ್ಗಿಸಿ, "ಶಾಲಿನ ಒಳಗಿತ್ತು ಡಾಕ್ಟ್ರೇ, ಯಾರಿಗೂ ಕಾಣುತ್ತಿರಲಿಲ್ಲ. ನಾಳೆ ಸಂಬಂಧ ನೋಡುವಾಗ ನಾಲ್ಕು ಜನ ಮಾತಾಡುವುದು ಬೇಡ ಅಂತ ಸುಮ್ಮನಿದ್ದೆವು" ಎಂದರು. ಕೊನೆಗೆ ಎಲ್ಲೋ ತೋರಿಸಿದಾಗ ಕೊಬ್ಬಿನ ಗಡ್ಡೆ, ಹತ್ತು ನಿಮಿಷದಲ್ಲಿ ತೆಗೆದುಬಿಡಬಹುದು ಎಂದಿದ್ದರಂತೆ. ದಿನವೂ ಗೊತ್ತಾಗಿತ್ತು. ಹುಡುಗಿ ಮಾತ್ರ ಮೆಲ್ಲಗೆ ಒಂದು ಮಾತು ಹೇಳಿದಳು: "ಆ ಕಡೆ ಮಲಗಿದರೆ ಕಿವಿಯಲ್ಲಿ ಧಡ್ ಧಡ್ ಅಂತ ಕೇಳುತ್ತದೆ ಸರ್." ನಾನು ಒಂದು ಕೈಯನ್ನು ಗಂಟಿನ ಮೇಲೂ ಇನ್ನೊಂದನ್ನು ಅವಳ ಮಣಿಕಟ್ಟಿನ ನಾಡಿಯ ಮೇಲೂ ಇಟ್ಟೆ. ಎರಡೂ ಒಟ್ಟಿಗೆ ಮಿಡಿಯುತ್ತಿದ್ದವು. ಅದು ಕೊಬ್ಬಿನ ಗಡ್ಡೆಯಾಗಿರಲಿಲ್ಲ.

ಈ ಇಬ್ಬರ ನಡುವೆ ಇದ್ದ ವ್ಯತ್ಯಾಸ ಒಂದು ಯಂತ್ರದ್ದಲ್ಲ, ದೊಡ್ಡ ಔಷಧದ್ದಲ್ಲ. ಎರಡು ಬೆರಳುಗಳದ್ದು. ಅದನ್ನು ನಿಮಗೆ ತಿಳಿಸುವುದೇ ಈ ಮಾತಿನ ಉದ್ದೇಶ.

ತಲೆಯ ಚರ್ಮದ ವಿಶೇಷ

ವಿದ್ಯಾರ್ಥಿಗಳೇ, ರಕ್ತ ಸಂಚಾರದ ಪಾಠವನ್ನು ಒಮ್ಮೆ ನೆನಪಿಸಿಕೊಳ್ಳಿ. ಹೃದಯದಿಂದ ಹೊರಟ ರಕ್ತ ಅಪಧಮನಿಗಳಲ್ಲಿ ಒತ್ತಡದಿಂದ ಹರಿಯುತ್ತದೆ. ಕೂದಲಿಗಿಂತಲೂ ತೆಳುವಾದ ಲೋಮನಾಳಗಳಿಗೆ ಬಂದಾಗ ಆ ಒತ್ತಡ ಇಳಿಯುತ್ತದೆ. ಅಲ್ಲಿಂದ ಅಭಿಧಮನಿಗಳ ಮೂಲಕ ಶಾಂತವಾಗಿ ಹೃದಯಕ್ಕೆ ಮರಳುತ್ತದೆ. ರಕ್ತ ಹೃದಯದ ಬಲಭಾಗದಿಂದ ಶ್ವಾಸಕೋಶದ ಮೂಲಕ ಎಡಭಾಗಕ್ಕೆ ಬರುತ್ತದೆಂದು 13ನೇ ಶತಮಾನದಲ್ಲಿ ಇಬ್ನ್ ನಫೀಸ್ ಬರೆದರು. ಇಡೀ ದೇಹದ ರಕ್ತ ಪರಿಚಲನೆಯನ್ನು 1628ರಲ್ಲಿ ವಿಲಿಯಂ ಹಾರ್ವೆ ವಿವರಿಸಿದರು. 1661ರಲ್ಲಿ ಮಾಲ್ಪೀಘಿ ಸೂಕ್ಷ್ಮದರ್ಶಕದಲ್ಲಿ ಲೋಮನಾಳಗಳನ್ನು ಕಂಡರು. ಈ ಲೋಮನಾಳಗಳು ಇಂದಿನ ವಿಷಯಕ್ಕೆ ಬಹಳ ಮುಖ್ಯ.

ತಲೆಯ ಚರ್ಮ ಐದು ಪದರಗಳಿಂದ ಆಗಿದೆ. ದೊಡ್ಡ ರಕ್ತನಾಳಗಳು ಇರುವುದು ಎರಡನೆಯ ಪದರದಲ್ಲಿ. ಹಣೆ, ಕೆನ್ನೆಯ ಮೇಲ್ಭಾಗ, ಕಿವಿಯ ಹಿಂಭಾಗ ಮತ್ತು ಹಿಂದಲೆಯಿಂದ ಪ್ರತಿ ಪಾರ್ಶ್ವಕ್ಕೂ ಐದು ಅಪಧಮನಿಗಳು ಇಲ್ಲಿಗೆ ಬರುತ್ತವೆ, ಒಂದಕ್ಕೊಂದು ಕೂಡಿಕೊಂಡು ಬಲೆಯಂತೆ ಹರಡಿಕೊಳ್ಳುತ್ತವೆ. ಅವುಗಳ ಗೋಡೆಯನ್ನು ಸುತ್ತಲಿನ ಗಟ್ಟಿ ನಾರುಗಳು ಹಿಡಿದಿರುತ್ತವೆ. ದೇಹದ ಬೇರೆ ಕಡೆ ಗಾಯವಾದರೆ ರಕ್ತನಾಳ ತಾನಾಗಿ ಮುದುಡಿಕೊಳ್ಳುತ್ತದೆ. ತಲೆಯಲ್ಲಿ ಆ ನಾರುಗಳು ಅದನ್ನು ಮುದುಡಲು ಬಿಡುವುದಿಲ್ಲ. ಆದ್ದರಿಂದಲೇ ತಲೆಯ ಸಣ್ಣ ಗಾಯದಿಂದಲೂ ಅಷ್ಟೊಂದು ರಕ್ತ ಬರುತ್ತದೆ. ಇದಲ್ಲದೆ ತಲೆಯ ಚರ್ಮದ ಅಭಿಧಮನಿಗಳು ಬುರುಡೆಯ ಸಣ್ಣ ರಂಧ್ರಗಳ ಮೂಲಕ ಒಳಗಿನ ರಕ್ತನಾಳಗಳ ಜತೆ ಸಂಪರ್ಕ ಹೊಂದಿರುತ್ತವೆ. ಹೊರಗೆ ಕಾಣುವ ಗಂಟಿನ ಬೇರು ಕೆಲವೊಮ್ಮೆ ಬುರುಡೆಯ ಒಳಗೂ ಇರಬಹುದು.

ಎಲ್ಲ ಗಂಟುಗಳೂ ಒಂದೇ ಅಲ್ಲ

ಹಿಂದೆ ರಕ್ತನಾಳದ ಎಲ್ಲ ಮಚ್ಚೆ, ಗಂಟುಗಳನ್ನೂ ಒಂದೇ ಹೆಸರಿನಿಂದ ಕರೆಯುತ್ತಿದ್ದರು. 1982ರಲ್ಲಿ ಅಮೆರಿಕದ ಮುಲ್ಲಿಕೆನ್ ಮತ್ತು ಗ್ಲೊವಾಕಿ ಎಂಬವರು ಇವನ್ನು ಎರಡಾಗಿ ವಿಂಗಡಿಸಿದರು. ಜೀವಕೋಶಗಳು ಹೆಚ್ಚುತ್ತಾ ಹೋಗಿ ಬೆಳೆಯುವ ಗಡ್ಡೆಗಳು ಒಂದು ಬಗೆ. ರಕ್ತನಾಳಗಳ ರಚನೆಯಲ್ಲೇ ದೋಷವಿರುವುದು ಇನ್ನೊಂದು ಬಗೆ. ಚಿಕಿತ್ಸೆ ಬೇರೆ ಬೇರೆಯಾದ್ದರಿಂದ ಈ ವಿಂಗಡಣೆ ಮುಖ್ಯ. ನೀವು ಮನೆಯಲ್ಲಿ ಕಾಣಬಹುದಾದ ಕೆಲವನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು, ಎಳೆಯ ಮಗುವಿನ ಹಿಂಗತ್ತಿನಲ್ಲಿ ಕಾಣುವ ತೆಳು ಕೆಂಪು ಮಚ್ಚೆ. ಇದು ಬಹಳ ಮಕ್ಕಳಲ್ಲಿ ಇರುತ್ತದೆ, ಅಪಾಯವಿಲ್ಲ. ಹೆದರಬೇಕಾಗಿಲ್ಲ.

ಎರಡನೆಯದು ಹೆಮಾಂಜಿಯೋಮಾ. ನೂರು ಶಿಶುಗಳಲ್ಲಿ ಸುಮಾರು ನಾಲ್ಕೈದು ಶಿಶುಗಳಿಗೆ ದೇಹದ ಯಾವುದಾದರೂ ಭಾಗದಲ್ಲಿ ಇದು ಬರುತ್ತದೆ. ಹೆಣ್ಣುಮಕ್ಕಳಲ್ಲಿ, ಅವಧಿಗೆ ಮೊದಲೇ ಹುಟ್ಟಿದವರಲ್ಲಿ ಹೆಚ್ಚು. ಹುಟ್ಟುವಾಗ ಇಲ್ಲದಿದ್ದರೂ ಮೊದಲ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಕೆಂಪಗೆ ಉಬ್ಬಿ, ಐದು ತಿಂಗಳವರೆಗೆ ಬೇಗ ಬೇಗ ಬೆಳೆಯುತ್ತದೆ. ಆಮೇಲೆ ನಿಧಾನವಾಗಿ ಕುಗ್ಗುತ್ತದೆ. ನಾಲ್ಕು ವರ್ಷದ ಹೊತ್ತಿಗೆ ಹೆಚ್ಚಿನವು ಕುಗ್ಗಿರುತ್ತವೆ. ಆದರೆ ದೊಡ್ಡದಾದದ್ದು ಹುಣ್ಣಾಗಬಹುದು, ಆ ಜಾಗದಲ್ಲಿ ಕೂದಲು ಬಾರದೆ ಹೋಗಬಹುದು. ನಮ್ಮಲ್ಲಿ ಅಕೀಕಾ ಸಮಯದಲ್ಲಿ, ಬೇರೆಯವರಲ್ಲಿ ಮುಡಿ ತೆಗೆಸುವ ಸಮಯದಲ್ಲಿ ಮಗುವಿನ ತಲೆ ಬೋಳಿಸುತ್ತಾರಲ್ಲವೇ? ಮಗುವಿನ ತಲೆಯನ್ನು ಪೂರ್ತಿಯಾಗಿ ನೋಡಲು ಅದೇ ಒಳ್ಳೆಯ ಅವಕಾಶ. ಕೆಂಪು ಉಬ್ಬು ಇದ್ದರೆ ಅದರ ಮೇಲೆ ಕತ್ತಿ ತಾಗದಂತೆ ಕ್ಷೌರಿಕರಿಗೆ ಮೊದಲೇ ತೋರಿಸಿ. ಆಮೇಲೆ ಮಕ್ಕಳ ವೈದ್ಯರಿಗೆ ತೋರಿಸಿ. ಇನ್ನೊಂದು ಮಾತು, ಎಳೆಯ ಮಗುವಿನ ನೆತ್ತಿಯ ಮೆತ್ತನೆಯ ಜಾಗ ಮಿಡಿಯುವುದು ಸಹಜ. ಅದು ಕಾಯಿಲೆಯಲ್ಲ.

ಮೂರನೆಯದು ಹುಟ್ಟುವಾಗಲೇ ಇರುವ ದ್ರಾಕ್ಷಿ ಬಣ್ಣದ ಚಪ್ಪಟೆ ಮಚ್ಚೆ. ಇದು ಕುಗ್ಗುವುದಿಲ್ಲ, ಮಗುವಿನೊಂದಿಗೆ ಬೆಳೆಯುತ್ತದೆ. ಹಣೆ ಮತ್ತು ಕಣ್ಣಿನ ರೆಪ್ಪೆಯ ಮೇಲೆ ಇದ್ದರೆ ಕೆಲವು ಮಕ್ಕಳಿಗೆ ಅಪಸ್ಮಾರ, ಕಣ್ಣಿನ ಒತ್ತಡ ಬರುವ ಸಾಧ್ಯತೆ ಇದೆ. ಹೆತ್ತವರ ಯಾವ ತಪ್ಪಿನಿಂದಲೂ ಇದು ಬರುವುದಿಲ್ಲ. ಗರ್ಭದಲ್ಲಿ ಮಗು ಬೆಳೆಯುವಾಗ ಒಂದು ಜೀನಿನಲ್ಲಿ ಆಗುವ ಬದಲಾವಣೆಯೇ ಕಾರಣವೆಂದು 2013ರಲ್ಲಿ ಪತ್ತೆಯಾಯಿತು. ಗ್ರಹಣ ನೋಡಿದ್ದಕ್ಕೆ ಬಂತು, ಯಾರದೋ ಕಣ್ಣು ಬಿತ್ತು ಎಂದು ತಾಯಿಯನ್ನು ದೂರುವುದನ್ನು ದಯವಿಟ್ಟು ನಿಲ್ಲಿಸಿ.

ನಾಲ್ಕನೆಯದು ನೆತ್ತಿಯ ನಡುವಿನ ಗೆರೆಯ ಹತ್ತಿರ ಕಾಣುವ ಮೆತ್ತನೆಯ ಊತ. ಮಗು ಅತ್ತಾಗ, ತಲೆ ತಗ್ಗಿಸಿದಾಗ ಉಬ್ಬುತ್ತದೆ. ಎದ್ದು ಕೂತಾಗ ಇಳಿಯುತ್ತದೆ. ಇದು ಮಿಡಿಯುವುದಿಲ್ಲ. ಬುರುಡೆಯ ಒಳಗಿನ ದೊಡ್ಡ ಅಭಿಧಮನಿಗೆ ಇದರ ನೇರ ಸಂಪರ್ಕ ಇರುತ್ತದೆ. ಇದನ್ನು ಸೂಜಿಯಿಂದ ಚುಚ್ಚಿ ನೋಡುವುದು ಕೂಡ ಅಪಾಯ.

ಐದನೆಯದೇ ಆ ವಿದ್ಯಾರ್ಥಿನಿಗೆ ಇದ್ದದ್ದು. ಇಲ್ಲಿ ಅಪಧಮನಿ ಮತ್ತು ಅಭಿಧಮನಿಗಳ ನಡುವೆ ಇರಬೇಕಾದ ಲೋಮನಾಳಗಳೇ ಇರುವುದಿಲ್ಲ. ಒತ್ತಡದ ರಕ್ತ ನೇರವಾಗಿ ಅಭಿಧಮನಿಗೆ ನುಗ್ಗುತ್ತದೆ. ಆ ತೆಳು ಗೋಡೆಗಳು ಹಿಗ್ಗಿ, ಸುರುಳಿ ಸುತ್ತಿ, ಹುಳುಗಳ ಗಂಟಿನಂತೆ ಕಾಣುತ್ತವೆ. ಕೆಲವರಿಗೆ ಇದು ಹುಟ್ಟಿನಿಂದಲೇ ಇರುತ್ತದೆ, ಕೆಲವರಿಗೆ ತಲೆಗೆ ಪೆಟ್ಟು ಬಿದ್ದ ಮೇಲೆ ಬರುತ್ತದೆ. ಕೂದಲು ನಾಟಿ ಮಾಡಿಸಿಕೊಂಡ ನಂತರ ಬಂದ ಉದಾಹರಣೆಗಳೂ ಉಂಟು. ಹರೆಯದಲ್ಲಿ ಮತ್ತು ಗರ್ಭಿಣಿಯಾದಾಗ ಇದು ಬೇಗ ಬೆಳೆಯಬಹುದು. ತಲೆನೋವು, ಕಿವಿಯಲ್ಲಿ ನಾಡಿಯ ಸದ್ದು, ಚರ್ಮ ಹುಣ್ಣಾಗುವುದು, ರಕ್ತಸ್ರಾವ ಇದರ ತೊಂದರೆಗಳು. ತೀರ ದೊಡ್ಡದಾದರೆ ಅಪರೂಪವಾಗಿ ಹೃದಯಕ್ಕೂ ಭಾರವಾಗುತ್ತದೆ.

ಆ ಕ್ರಿಕೆಟ್ ಚೆಂಡಿನ ಯುವಕನಿಗೆ ಆದದ್ದು ಇವೆಲ್ಲಕ್ಕಿಂತ ಬೇರೆ. ಪೆಟ್ಟಿನಿಂದ ಅಪಧಮನಿಯ ಗೋಡೆ ಹರಿದು, ಹೊರಬಂದ ರಕ್ತ ಚೀಲದಂತೆ ನಿಂತಿತ್ತು. ಪೆಟ್ಟು ಬಿದ್ದ ಕೆಲವು ವಾರಗಳ ನಂತರ ಕಾಣಿಸಿಕೊಳ್ಳುವುದು ಇದರ ಲಕ್ಷಣ.

ಗುರುತಿಸುವುದು ಹೇಗೆ?

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಗಂಟಿನ ಮೇಲೆ ಎರಡು ಬೆರಳುಗಳನ್ನು ಮೆಲ್ಲಗೆ ಇಡಿ. ನಾಡಿಯ ಜತೆ ಮಿಡಿಯುತ್ತದೆಯೇ? ಕೈಗೆ ಗುಂಯ್ ಎಂದು ಕಂಪಿಸಿದಂತಾಗುತ್ತದೆಯೇ? ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ? ಒತ್ತಿದರೆ ಕುಗ್ಗಿ, ಬಿಟ್ಟರೆ ತುಂಬಿಕೊಳ್ಳುತ್ತದೆಯೇ? ತಲೆ ತಗ್ಗಿಸಿದರೆ ದೊಡ್ಡದಾಗುತ್ತದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂಬ ಉತ್ತರ ಬಂದರೂ ಅದನ್ನು ಸಾಮಾನ್ಯ ಗಡ್ಡೆ ಎಂದು ತಿಳಿಯಬಾರದು. ವೈದ್ಯರು ಸ್ಟೆತೋಸ್ಕೋಪ್ ಇಟ್ಟರೆ ರಕ್ತ ನುಗ್ಗುವ ಸದ್ದು ಕೇಳಿಸಬಹುದು.

ಈ ಬೆರಳಿನ ಪರೀಕ್ಷೆ ಹೊಸದೇನಲ್ಲ. ಸ್ಪೇನಿನ ಕಾರ್ಡೋಬಾದ ಬಳಿ 10ನೇ ಶತಮಾನದಲ್ಲಿದ್ದ ಅಬುಲ್ ಕಾಸಿಂ ಅಲ್ ಝಹ್ರಾವಿ ಎಂಬ ಶಸ್ತ್ರವೈದ್ಯರು 'ಅತ್ತಸ್ರೀಫ್' ಎಂಬ 30 ಭಾಗಗಳ ಗ್ರಂಥ ಬರೆದರು. ಶಸ್ತ್ರಚಿಕಿತ್ಸೆಯ ಬಗೆಗಿನ ಅದರ ಕೊನೆಯ ಭಾಗ 12ನೇ ಶತಮಾನದಲ್ಲಿ ಲ್ಯಾಟಿನ್ ಭಾಷೆಗೆ ಹೋಗಿ ಯುರೋಪಿನಲ್ಲಿ ಶತಮಾನಗಳ ಕಾಲ ಪಾಠವಾಯಿತು. ರಕ್ತನಾಳದಿಂದಾದ ಊತವನ್ನು ಬೆರಳಿಟ್ಟು ಗುರುತಿಸಬೇಕು, ಇಂಥ ದೊಡ್ಡ ಊತಗಳನ್ನು ಕೊಯ್ಯುವುದು ತಪ್ಪು ಎಂಬ ಎಚ್ಚರಿಕೆ ಅದರಲ್ಲಿದೆ. ಸಾವಿರ ವರ್ಷದ ಹಿಂದೆ ಅವರು ಬರೆದಿಟ್ಟದ್ದನ್ನು ನಾನು ಹೌಸ್ ಸರ್ಜನ್ ಆಗಿದ್ದಾಗ ಮರೆತಿದ್ದೆ.

ಬೆರಳಿಗೆ ಸಂಶಯ ಬಂದ ಮೇಲೆ ಯಂತ್ರಗಳ ಸರದಿ. ಮೊದಲು ಡಾಪ್ಲರ್ ಸ್ಕ್ಯಾನಿಂಗ್. ಇದರಲ್ಲಿ ವಿಕಿರಣವಿಲ್ಲ, ನೋವಿಲ್ಲ. ರಕ್ತ ಎಷ್ಟು ವೇಗವಾಗಿ, ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯುತ್ತದೆ. ಬುರುಡೆಯ ಒಳಗೆ ಸಂಪರ್ಕವಿದೆಯೇ ಎಂದು ನೋಡಲು ಎಂಆರ್‌ಐ, ಮೂಳೆ ಮತ್ತು ರಕ್ತನಾಳಗಳ ಚಿತ್ರಕ್ಕೆ ಸಿಟಿ ಆಂಜಿಯೋಗ್ರಾಂ. ಚಿಕಿತ್ಸೆಗೆ ಮೊದಲು ಪೂರ್ಣ ನಕ್ಷೆ ಬೇಕಾದಾಗ ತೊಡೆಸಂದಿನಿಂದ ಅಥವಾ ಮಣಿಕಟ್ಟಿನಿಂದ ತೆಳು ನಳಿಕೆ ಕಳಿಸಿ, ಬಣ್ಣದ ದ್ರಾವಣ ಬಿಟ್ಟು ಆಂಜಿಯೋಗ್ರಾಂ ಮಾಡುತ್ತಾರೆ. ತಲೆಯ ರಕ್ತನಾಳಗಳ ಇಂಥ ಚಿತ್ರವನ್ನು ಮೊದಲು ತೆಗೆದವರು ಪೋರ್ಚುಗಲ್ಲಿನ ಈಗಾಸ್ ಮೋನಿಜ್, 1927ರಲ್ಲಿ. ಯಾವ ಅಪಧಮನಿ ಈ ಗಂಟಿಗೆ ರಕ್ತ ಕೊಡುತ್ತಿದೆ, ಎಷ್ಟು ಕಡೆಯಿಂದ ಬರುತ್ತಿದೆ ಎಂಬುದು ಇದರಲ್ಲಿ ಸ್ಪಷ್ಟವಾಗುತ್ತದೆ.

ಚಿಕಿತ್ಸೆ

ಹೆಮಾಂಜಿಯೋಮಾಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕಾದು ನೋಡಿದರೆ ಸಾಕು. ಚಿಕಿತ್ಸೆ ಬೇಕಾದವರಿಗೆ 2008ರಲ್ಲಿ ಒಂದು ದೊಡ್ಡ ದಾರಿ ತೆರೆಯಿತು. ಫ್ರಾನ್ಸಿನ ಬೋರ್ಡೋ ನಗರದ ಡಾ. ಕ್ರಿಸ್ಟೀನ್ ಲೆಯೋಟೆ ಲಾಬ್ರೆಜ್ ಮತ್ತು ಅವರ ಸಂಗಡಿಗರು ಹೃದಯದ ತೊಂದರೆಗಾಗಿ ಪ್ರೊಪ್ರನೊಲಾಲ್ ಕೊಟ್ಟ ಮಗುವಿನಲ್ಲಿ ಹೆಮಾಂಜಿಯೋಮಾ ಕುಗ್ಗುವುದನ್ನು ಗಮನಿಸಿದರು. ಇಂದು ಅದೇ ಮೊದಲ ಆಯ್ಕೆಯ ಔಷಧ. ಆದರೆ ಇದು ಮಗುವಿನ ಹೃದಯದ ಬಡಿತವನ್ನೂ ರಕ್ತದ ಸಕ್ಕರೆಯನ್ನೂ ಇಳಿಸಬಹುದು. ವೈದ್ಯರು ಹೇಳಿದ ಪ್ರಮಾಣದಲ್ಲಿ, ಹಾಲು ಕುಡಿಸಿಯೇ ಕೊಡಬೇಕು. ನೆರೆಮನೆಯ ಮಗುವಿಗೆ ಕೊಟ್ಟ ಔಷಧವನ್ನು ನಿಮ್ಮ ಮಗುವಿಗೆ ಕೊಡಬೇಡಿ. ಬೇಗ ಬೆಳೆಯುವ ಮೊದಲ ತಿಂಗಳುಗಳಲ್ಲೇ ಶುರು ಮಾಡಿದರೆ ಲಾಭ ಹೆಚ್ಚು. ಆದ್ದರಿಂದ ಒಂದು ವರ್ಷ ಆಗಲಿ ಎಂದು ಮನೆಯಲ್ಲೇ ನಿರ್ಧರಿಸಬೇಡಿ. ಮೈಮೇಲೆ ಐದು ಅಥವಾ ಹೆಚ್ಚು ಹೆಮಾಂಜಿಯೋಮಾ ಇದ್ದರೆ ಯಕೃತ್ತಿನ ಸ್ಕ್ಯಾನಿಂಗ್ ಕೂಡ ಮಾಡಿಸಬೇಕಾಗುತ್ತದೆ. ದ್ರಾಕ್ಷಿ ಬಣ್ಣದ ಮಚ್ಚೆಗೆ ಲೇಸರ್ ಚಿಕಿತ್ಸೆಯಿದೆ, ಅದನ್ನು ಹಲವು ಸಲ ಮಾಡಿಸಬೇಕಾಗುತ್ತದೆ.

ಇನ್ನು ಮಿಡಿಯುವ ಗಂಟು. ರಕ್ತ ಬರುವ ಒಂದು ಅಪಧಮನಿಯನ್ನು ಮಾತ್ರ ಕಟ್ಟಿಬಿಟ್ಟರೆ ಸಾಲದೇ ಎಂದು ಹಿಂದೆ ಯೋಚಿಸುತ್ತಿದ್ದರು. ಸಾಲದು. ಗದ್ದೆಗೆ ನೀರು ಬರುವ ಒಂದು ತೋಡಿಗೆ ಕಟ್ಟ ಹಾಕಿದರೆ ನೀರು ಪಕ್ಕದ ತೋಡಿನಿಂದ ಬರುತ್ತದೆ. ಇಲ್ಲಿಯೂ ಹಾಗೆಯೇ, ಅಕ್ಕಪಕ್ಕದ ರಕ್ತನಾಳಗಳು ಹಿಗ್ಗಿ ಗಂಟು ಮತ್ತೆ ತುಂಬಿಕೊಳ್ಳುತ್ತದೆ. ಅಷ್ಟೇ ಅಲ್ಲ, ಮುಂದೆ ನಳಿಕೆ ಕಳಿಸಬೇಕಾದ ದಾರಿಯೂ ಮುಚ್ಚಿಹೋಗುತ್ತದೆ. ಆದ್ದರಿಂದ ಅಪಧಮನಿ ಮತ್ತು ಅಭಿಧಮನಿ ಕೂಡುವ ಆ ನಡುವಿನ ಜಾಗವನ್ನೇ ಇಲ್ಲವಾಗಿಸಬೇಕು.

ಅದಕ್ಕೆ ಎರಡು ದಾರಿಗಳು. ಒಂದು ಎಂಬೊಲೈಸೇಷನ್. ರಕ್ತನಾಳದ ಒಳಗಿನಿಂದಲೇ ನಳಿಕೆಯನ್ನು ಗಂಟಿನವರೆಗೆ ಕಳಿಸಿ, ಅಥವಾ ಗಂಟಿಗೆ ನೇರವಾಗಿ ಸೂಜಿ ಹಾಕಿ, ವೈದ್ಯಕೀಯ ಅಂಟು ಅಥವಾ ಲೋಹದ ಸುರುಳಿಯಿಂದ ಮುಚ್ಚುವುದು. ಇನ್ನೊಂದು ಶಸ್ತ್ರಚಿಕಿತ್ಸೆಯಿಂದ ಗಂಟನ್ನು ಪೂರ್ತಿ ತೆಗೆಯುವುದು. ಅನೇಕರಿಗೆ ಮೊದಲು ಎಂಬೊಲೈಸೇಷನ್ ಮಾಡಿ, ರಕ್ತದ ಹರಿವು ತಗ್ಗಿದ ಮೇಲೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅಪಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಅಂಟು ಬೇರೆ ಕಡೆ ಹೋದರೆ ಚರ್ಮ ಸಾಯಬಹುದು. ಕಣ್ಣಿನ ರಕ್ತನಾಳಕ್ಕೆ ಹೋದರೆ ದೃಷ್ಟಿಗೇ ತೊಂದರೆ. ಆದ್ದರಿಂದ ಇದು ಸಣ್ಣ ಕ್ಲಿನಿಕ್ಕಿನ ಕೆಲಸವಲ್ಲ. ರಕ್ತನಾಳದ ಒಳಗೆ ಚಿಕಿತ್ಸೆ ಮಾಡುವ ರೇಡಿಯಾಲಜಿ ತಜ್ಞರು, ನರಶಸ್ತ್ರಚಿಕಿತ್ಸಕರು ಅಥವಾ ಪ್ಲಾಸ್ಟಿಕ್ ಸರ್ಜನರು ಒಟ್ಟಿಗೆ ಇರುವ ದೊಡ್ಡ ಆಸ್ಪತ್ರೆಯಲ್ಲಿ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ವಿಭಾಗವಿದೆ.

ಖರ್ಚಿನ ಭಯದಿಂದ ಸುಮ್ಮನಿರುವವರು ನಮ್ಮಲ್ಲಿ ಬಹಳ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ, ನಿಮಗೆ ಬೇಕಾದ ಚಿಕಿತ್ಸೆ ಯೋಜನೆಯಲ್ಲಿ ಸೇರಿದೆಯೇ ಎಂದು ವಿಚಾರಿಸಿ, ಶಿಫಾರಸು ಪತ್ರ ಪಡೆಯಿರಿ. ಶಾಲೆ, ಅಂಗನವಾಡಿಗಳಿಗೆ ಮಕ್ಕಳ ತಪಾಸಣೆಗೆ ವೈದ್ಯರ ತಂಡ ಬಂದಾಗ ಟೋಪಿ, ಶಾಲು ಸರಿಸಿ ತಲೆಯನ್ನೂ ತೋರಿಸಿ. ಹೆಣ್ಣುಮಕ್ಕಳಿಗೆ ಮರೆ ಬೇಕಿದ್ದರೆ ಕೇಳಿ, ವ್ಯವಸ್ಥೆ ಮಾಡಿಕೊಡುತ್ತಾರೆ.

ನೆನಪಿಡಬೇಕಾದ ಕೆಲವು ಮಾತುಗಳು

ತಲೆಯ ಯಾವ ಗಂಟನ್ನೂ ಹಿಚುಕಬೇಡಿ, ಸೂಜಿ ಚುಚ್ಚಬೇಡಿ, ಬಿಸಿ ಶಾಖ ಕೊಟ್ಟು ಒಡೆಯಲು ನೋಡಬೇಡಿ. ತಲೆನೋವಿಗೆಂದು ತಲೆಯ ಮೇಲೆ ಹಿಜಾಮಾ ಮಾಡಿಸಿಕೊಳ್ಳುವವರು ಇದ್ದಾರೆ. ತಲೆಯಲ್ಲಿ ಗಂಟಿರುವವರು ವೈದ್ಯರಿಗೆ ತೋರಿಸದೆ ಅಲ್ಲಿ ಗಾಯ ಮಾಡಿಸಿಕೊಳ್ಳಲೇಬಾರದು. ಸ್ಕಾಟ್ಲೆಂಡಿನ ವಿಲಿಯಂ ಹಂಟರ್ ಅಪಧಮನಿ ಮತ್ತು ಅಭಿಧಮನಿ ಕೂಡಿಹೋದ ಸ್ಥಿತಿಯನ್ನು 1757ರಲ್ಲಿ ವಿವರಿಸಿದ್ದು ಮೊಣಕೈಯಲ್ಲಿ ರಕ್ತ ತೆಗೆಸಿಕೊಂಡವರಲ್ಲಿ ಎಂಬುದು ನೆನಪಿರಲಿ.

ಅಕಸ್ಮಾತ್ ರಕ್ತ ಬಂದರೆ ಕಾಫಿ ಪುಡಿ, ಅರಸಿನ, ಮಣ್ಣು ಹಾಕಬೇಡಿ. ಶುದ್ಧ ಬಟ್ಟೆಯನ್ನು ಮಡಚಿ ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಿಮಿಷಕ್ಕೊಮ್ಮೆ ತೆಗೆದು ನೋಡಬೇಡಿ. ತಲೆಯನ್ನು ಎತ್ತರದಲ್ಲಿ ಇಟ್ಟು, ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.

ವೈದ್ಯರು ಗಂಟು ತೆಗೆಯೋಣ ಎಂದರೆ, "ಡಾಕ್ಟ್ರೇ, ಇದು ಮಿಡಿಯುತ್ತದೆಯಾ, ಒಮ್ಮೆ ನೋಡುತ್ತೀರಾ?" ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ವೈದ್ಯರು ಇದರಿಂದ ಬೇಸರಿಸುವುದಿಲ್ಲ. ಅಂದು ಆ ಯುವಕ ನನ್ನಲ್ಲಿ ಹಾಗೆ ಕೇಳಿದ್ದರೆ ನಾನು ಬ್ಲೇಡ್ ಕೆಳಗಿಡುತ್ತಿದ್ದೆ.

ಆ ವಿದ್ಯಾರ್ಥಿನಿಯ ವಿಷಯ ಹೇಳಿ ಮುಗಿಸುತ್ತೇನೆ. ಅವಳನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಆಂಜಿಯೋಗ್ರಾಂ ಆಯಿತು, ಎಂಬೊಲೈಸೇಷನ್ ಆಯಿತು, ಎರಡು ದಿನಗಳ ನಂತರ ಗಂಟನ್ನು ತೆಗೆದರು. ಕೂದಲು ಬೆಳೆದು ಗಾಯದ ಗುರುತು ಮುಚ್ಚಿಹೋಯಿತು. ಒಂದು ವರ್ಷದ ನಂತರ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಮತ್ತೆ ಬಂದಿರಲಿಲ್ಲ. ತೋರಿಸಲು ಬಂದ ದಿನ, ಈಗ ಯಾವ ಕಡೆ ಮಲಗುತ್ತೀಯಮ್ಮಾ ಎಂದು ಕೇಳಿದೆ. "ಎರಡೂ ಕಡೆ ಸರ್" ಎಂದು ನಕ್ಕಳು. ತಾಯಿ ಮಾತ್ರ ಕಣ್ಣೊರಸಿಕೊಂಡು, "ನಾಲ್ಕು ವರ್ಷ ಸುಮ್ಮನೆ ಮುಚ್ಚಿಟ್ಟೆವಲ್ಲಾ ಡಾಕ್ಟ್ರೇ" ಎಂದರು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಇಂದು ಮನೆಗೆ ಹೋದ ಮೇಲೆ ಮಕ್ಕಳ ತಲೆ ಬಾಚುವಾಗ, ಎಣ್ಣೆ ಹಚ್ಚುವಾಗ ಒಮ್ಮೆ ಬೆರಳಾಡಿಸಿ ನೋಡಿ. ವಿದ್ಯಾರ್ಥಿಗಳೇ, ನಿಮ್ಮ ತಲೆಯಲ್ಲಿ ಇಂಥದೇನಾದರೂ ಇದ್ದರೆ ಮುಚ್ಚಿಡದೆ ಹೆತ್ತವರಿಗೆ ಹೇಳಿ. ಹೆತ್ತವರೇ, ನಾಲ್ಕು ಜನರ ಮಾತಿಗೆ ಹೆದರಿ ಮಗುವಿನ ಚಿಕಿತ್ಸೆಯನ್ನು ಮುಂದೂಡಬೇಡಿ. ನಿಮ್ಮಲ್ಲಿ ಮುಂದೆ ವೈದ್ಯರು, ನರ್ಸ್‌ಗಳು ಆಗುವವರು ಇದ್ದೀರಿ. ಬ್ಲೇಡ್ ಕೈಗೆತ್ತಿಕೊಂಡಾಗ ನನ್ನ ಹಿರಿಯರು ಕೇಳಿದ ಆ ಪ್ರಶ್ನೆಯನ್ನು ನೆನಪಿಸಿಕೊಳ್ಳಿ.